ಜಾಂಬೋಟಿಯ ಕಾಡಿನಂಚಿನಲ್ಲಿ ಒಂದು ಕ್ಯಾಬಿನ್ ಹುಡುಕುತ್ತಾ

ಹೊರಡುವ ಮೊದಲು

ಅವ್ವನಿಗೆ ಎರಡು ಹೊಳೆಗಳ ಋಣ. ಹುಟ್ಟಿದ್ದು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಒಂದು ಊರಲ್ಲಿ. ಮದುವೆಯಾಗಿ ಬಂದದ್ದು ಹಳೇ ಬಾಗಲಕೋಟೆಗೆ, ಘಟಪ್ರಭೆಯ ದಂಡೆಗೆ. ಆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಮನೆ ಬಿಚ್ಚುವಾಗ ಅಪ್ಪ ತೊಲೆ, ಜಂತಿ, ಕಂಬ ಎಲ್ಲ ಮಾರಿದರೂ ಪಡಸಾಲೆಯ ಬಾಗಿಲನ್ನು ಮಾತ್ರ ಚೌಕಟ್ಟಿನ ಸಮೇತ ಎತ್ತಿ ತಂದು ಹೊಸ ಮನೆಗೆ ಕೂಡಿಸಿದರು. ಈಗಲೂ ಅವ್ವ ದಿನಾ ಬೆಳಿಗ್ಗೆ ಆ ಹೊಸ್ತಿಲಿಗೇ ನೀರು ಹಾಕುವುದು.

ಈ ದಸರಾ ರಜೆಗೆ ಗುಡ್ಡದ ಕಡೆ ನಾಲ್ಕು ದಿನ ಹೋಗಿ ಬರೋಣ ಎಂಬ ಮಾತು ಬಂದಾಗ ನಮ್ಮ ಮುಂದೆ ಎರಡು ಊರಿದ್ದವು. ಒಂದು ಅಂಬೋಲಿ. ಬೆಳಗಾವಿಯಿಂದ ಸುಮಾರು 70 ಕಿಲೋಮೀಟರ್, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ಸೇರಿದ್ದು, ಸಮುದ್ರಮಟ್ಟದಿಂದ 690 ಮೀಟರ್ ಎತ್ತರ. ಬೆಳಗಾವಿಯವರಿಗೆ ಮಳೆಗಾಲ ಅಂದರೆ ಅಂಬೋಲಿ. ಇನ್ನೊಂದು ನಮ್ಮದೇ ರಾಜ್ಯದ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಜಾಂಬೋಟಿ, ಚೋರ್ಲಾ ಘಾಟಿಗೆ ಹೋಗುವ ರಸ್ತೆಯ ಮೇಲೆ. ಅಂಬೋಲಿಯಲ್ಲಿ ಹೋಟೆಲು, ರೆಸಾರ್ಟು ಬೇಕಾದಷ್ಟಿವೆ, ಜನವೂ ಅಷ್ಟೇ. ಜಾಂಬೋಟಿಯ ಸುತ್ತ ಅಲ್ಲೊಂದು ಇಲ್ಲೊಂದು ಹೋಮ್‌ಸ್ಟೇ, ಕಾಡಿನಂಚಿಗೆ ಮರದ ಕ್ಯಾಬಿನ್‌ಗಳು.

ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರವನ್ನು ಹಾದು ಘಟಪ್ರಭೆಗೆ ಸೇರುತ್ತದೆ. ಅಂದರೆ ಅವ್ವನ ಗಂಡನ ಮನೆಯ ಹೊಳೆ. ಜಾಂಬೋಟಿಯಿಂದ ಮುಂದಕ್ಕೆ ಹೋದರೆ ಕಣಕುಂಬಿ, ಅಲ್ಲಿ ಹುಟ್ಟುವುದು ಮಲಪ್ರಭೆ, ತವರಿನ ಹೊಳೆ. ಯಾವ ಕಡೆ ಹೋಗೋಣ ಎಂದು ಅವ್ವನನ್ನೇ ಕೇಳಿದೆವು.

"ಮನಿ ನುಂಗಿದ ಹೊಳಿ ನೋಡಿದ್ದು ಸಾಕು. ತವರಿನ ಹೊಳಿ ಹುಟ್ಟೂದು ನೋಡೂಣು," ಅಂದಳು.

ಊರು ಆರಿಸುವಾಗ ಅವ್ವನನ್ನು ಕೇಳಿದ ನಾವು ಉಳಿಯುವ ಜಾಗ ಆರಿಸುವಾಗ ಕೇಳಲಿಲ್ಲ. ಆ ತಪ್ಪು ನನ್ನದು. ಮಗ ಮೊಬೈಲಿನಲ್ಲಿ ಒಂದು ವಾರ ಹುಡುಕಿ ಮೂರು ಬಗೆಯವನ್ನು ತೋರಿಸಿದ್ದ. ಹಂಚಿನ ಮಾಡಿನ ಸಾದಾ ಕಾಟೇಜು, ಸರಕಿನ ಕಂಟೇನರನ್ನೇ ಕೋಣೆ ಮಾಡಿದ್ದು, ಮತ್ತು ನೆಲದಿಂದ ನೆತ್ತಿಯವರೆಗೆ ಮಾಡೇ ಗೋಡೆಯಾಗಿರುವ ತ್ರಿಕೋನದ ಎ-ಫ್ರೇಮ್ ಕ್ಯಾಬಿನ್. ಮೂರನೆಯದರ ಮುಂಭಾಗ ಪೂರ್ತಿ ಗಾಜು. ಗಾಜಿನಾಚೆ ಮಂಜು, ಒಳಗೆ ಬಿಳಿ ಹಾಸಿಗೆ, ಕಿಟಕಿಯ ಹತ್ತಿರ ಒಂದು ಕಪ್ ಚಹಾ. ಮಕ್ಕಳಿಬ್ಬರಿಗೂ ಅದೇ ಬೇಕು. ನಾನು ಫೋನು ಮಾಡಿ ಊಟ ಇದೆಯೇ, ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಕೇಳಿದೆ. ರಾತ್ರಿಗೆ 4,500 ರೂಪಾಯಿ, ಅರ್ಧ ಮುಂಗಡ. ಕಳಿಸಿಬಿಟ್ಟೆ.

ಮೊದಲ ದಿನ

ಬೆಳಿಗ್ಗೆ ಆರಕ್ಕೆ ಹೊರಟೆವು. ಲೋಕಾಪುರ, ಯರಗಟ್ಟಿ, ಅಲ್ಲಿಂದ ಬೆಳಗಾವಿ. ದಾರಿಯುದ್ದಕ್ಕೂ ಕಬ್ಬು, ಗೋವಿನಜೋಳ, ಆಗಷ್ಟೇ ಹಿಂಗಾರಿಗೆ ಹದ ಮಾಡಿದ ಕರಿ ಹೊಲ. ಯರಗಟ್ಟಿ ದಾಟಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ.

ಪೀರನವಾಡಿಯಲ್ಲಿ ಜಾಂಬೋಟಿ ರಸ್ತೆಗೆ ಹೊರಳಿ, ಕಿಣಯೆ ದಾಟಿದ ಮೇಲೆ ಮಣ್ಣಿನ ಬಣ್ಣವೇ ಬೇರೆ. ಕರಿ ಹೋಗಿ ಕೆಂಪು. ಹೊಲ ಹೋಗಿ ಭತ್ತದ ಗದ್ದೆ, ಗದ್ದೆಯ ಬದುವಿಗೆ ಗೇರು ಮರ, ಅದರ ಹಿಂದೆ ಕಾಡು. ಬಾಗಲಕೋಟೆಯಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕಣಕುಂಬಿಯ ಕಡೆ ಒಳ್ಳೆಯ ಮಳೆಗಾಲದ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಈ ಲೆಕ್ಕ ಎಷ್ಟೋ ಸಲ ಓದಿದ್ದೆ. ಒಂದು ಕ್ಯಾಬಿನ್ನಿಗೆ ಈ ಲೆಕ್ಕದಿಂದ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಮುಖ್ಯ ರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ ಒಂದಷ್ಟು ದೂರ ಹೋದ ಮೇಲೆ ಕಾರು ನಿಲ್ಲಿಸುವ ಜಾಗ. ಅಲ್ಲಿಂದ ಕೆಳಗೆ ಮೆಟ್ಟಿಲು. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲುಗಳು, ಮೇಲೆ ಹಸಿರು ಪಾಚಿ, ಹಿಡಿದುಕೊಳ್ಳಲು ಕಂಬಿ ಇಲ್ಲ. ಮಗ ಎಣಿಸಿದ. ಎಂಬತ್ತನಾಲ್ಕು. ಅವ್ವನ ಎಡಮೊಣಕಾಲು ಸವೆದು ಆರು ವರ್ಷ. ಯಜಮಾನರು ಒಂದು ಕೈ, ಮಗ ಒಂದು ಕೈ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟುಕೊಂಡು ಇಳಿಸಿದರು. ಅರ್ಧ ದಾರಿಯಲ್ಲಿ ಅವ್ವ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಮತ್ತ ಇದನ್ನ ಹತ್ತಬೇಕಲ್ಲವಾ," ಎಂದಳು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿತ್ರದಲ್ಲಿ ಕಂಡ ಗಾಜು, ಮಂಜು, ಬಿಳಿ ಹಾಸಿಗೆ ಎಲ್ಲವೂ ಇದ್ದವು, ಸುಳ್ಳು ಏನೂ ಇರಲಿಲ್ಲ. ಆದರೆ ಹಾಸಿಗೆ ಇದ್ದದ್ದು ಅಟ್ಟದ ಮೇಲೆ. ಅಲ್ಲಿಗೆ ಏರಲು ಗೋಡೆಗೆ ಒರಗಿಸಿದ ನಿಚ್ಚಣಿಕೆ. ಎ-ಫ್ರೇಮಿನಲ್ಲಿ ಎರಡೂ ಕಡೆಯ ಮಾಡು ನೆಲದವರೆಗೆ ಇಳಿಯುವುದರಿಂದ ಕೆಳಗಿನ ಕೋಣೆಯ ಅಂಚುಗಳಲ್ಲಿ ತಲೆಯೆತ್ತಿ ನಿಲ್ಲಲಾಗುವುದಿಲ್ಲ, ಹೀಗಾಗಿ ಮಲಗುವ ಜಾಗವನ್ನು ಮೇಲಕ್ಕೆ ಒಯ್ದಿರುತ್ತಾರೆ. ಕೆಳಗೆ ಅವ್ವನಿಗೆ ಒಂದು ತೆಳ್ಳನೆಯ ಗಾದಿ ಹಾಸಿಕೊಟ್ಟರು. ಪಾಯಖಾನೆ ಹೊರಗೆ, ಇಪ್ಪತ್ತು ಹೆಜ್ಜೆಯಾಚೆ, ಗಿಡದ ಮರೆಯಲ್ಲಿ.

ನಾಲ್ಕು ಗಂಟೆಗೆ ಗುಡುಗು ಶುರುವಾಯಿತು. ಅಕ್ಟೋಬರಿನ ಮಳೆಯ ರೀತಿಯೇ ಹಾಗೆ, ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ಸಿಡಿಲು. ಮಾಡು ತಗಡಿನದು, ಕೆಳಗೆ ಬೇರೆ ಹೊದಿಕೆ ಇಲ್ಲ. ಮಳೆ ಬಿದ್ದ ಕೂಡಲೇ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ಮಗಳು ಮೊದಲು ಖುಷಿಯಿಂದ ಕಿರುಚಿದಳು, ಹತ್ತು ನಿಮಿಷದ ಮೇಲೆ ಕಿವಿ ಮುಚ್ಚಿ ಕುಳಿತಳು. ಗಾಜಿನ ಅಂಚಿನಿಂದ ನೀರು ಸಣ್ಣ ಗೆರೆಯಾಗಿ ಒಳಗೆ ಇಳಿಯಿತು. ಬಾಗಿಲು ಹಾಕಲು ಹೋದರೆ ಬೀಳಲಿಲ್ಲ. ಹಲಗೆ ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಆಮೇಲೆ ಅವ್ವ ಕೈ ತೋರಿಸಿದಳು. ಮೇಲಿನ ಗುಡ್ಡದ ನೀರು ಮೆಟ್ಟಿಲಿನ ಪಕ್ಕದಿಂದ ಕೆಂಪಗೆ ಇಳಿದು, ನಮ್ಮ ಕ್ಯಾಬಿನ್ನಿನ ಕಾಲುಗಳ ನಡುವೆಯೇ ಹರಿದು ಹೋಗುತ್ತಿತ್ತು.

"ಹಳ್ಳದಾಗ ಮನಿ ಕಟ್ಯಾರ," ಅಂದಳು ಅವ್ವ. ಅಷ್ಟೇ.

ಕರೆಂಟು ಹೋಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಊಟ ತಂದ ಹುಡುಗ ಒಳ್ಳೆಯವನು, ಮೇಣದಬತ್ತಿ ಕೊಟ್ಟು, ರಾತ್ರಿ ಹೊರಗೆ ಒಬ್ಬೊಬ್ಬರೇ ಹೋಗಬೇಡಿ, ಈ ಕಡೆ ಕರಡಿ ಓಡಾಡುತ್ತವೆ ಎಂದು ಹೇಳಿ ಹೋದ. ಖಾನಾಪುರದ ಕಾಡಿನಲ್ಲಿ ಕರಡಿ ಇರುವುದು ಹೊಸ ವಿಷಯವಲ್ಲ, ಕಾಡುಕೋಣವೂ ಇವೆ. ಆದರೆ ಪಾಯಖಾನೆ ಹೊರಗಿರುವ ಜಾಗದಲ್ಲಿ ಆ ಮಾತು ಕೇಳಿಸಿಕೊಳ್ಳುವುದು ಬೇರೆ. ಆ ರಾತ್ರಿ ಅವ್ವ ಎರಡು ಸಲ ಎದ್ದಳು. ಎರಡು ಸಲವೂ ನಾವಿಬ್ಬರೂ ಟಾರ್ಚು ಹಿಡಿದು ಜೊತೆಗೆ ಹೋದೆವು. ಮೂರನೇ ಸಲ ಆಕೆಗೆ ಹೋಗಬೇಕಿತ್ತಂತೆ, ನಮ್ಮ ನಿದ್ದೆ ಕೆಡಿಸುವುದು ಬೇಡವೆಂದು ಬೆಳಗಿನವರೆಗೆ ತಡೆದುಕೊಂಡು ಕುಳಿತಿದ್ದಳು. ಅದು ಗೊತ್ತಾದದ್ದು ಬೆಳಿಗ್ಗೆ.

ಎರಡನೇ ದಿನ

ಮೂರು ರಾತ್ರಿಗೆ ಮಾತಾಡಿದ್ದೆವು. ಒಂದೇ ರಾತ್ರಿಗೆ ಬಿಟ್ಟೆವು. ಮುಂಗಡ ವಾಪಸು ಸಿಗಲಿಲ್ಲ. ಆ ಜಾಗದ ಹೆಸರು ಇಲ್ಲಿ ಬೇಡ. ಗಟ್ಟಿ ಕಾಲಿನ ನಾಲ್ಕು ಹುಡುಗರು ಹೋದರೆ ಅದೇ ಜಾಗ ಅವರಿಗೆ ಚೆಂದ ಅನ್ನಿಸಬಹುದು. ಅವ್ವನನ್ನು ಮೇಲೆ ಹತ್ತಿಸಲು ಅರ್ಧ ಗಂಟೆ ಹಿಡಿಯಿತು.

ಜಾಂಬೋಟಿಯ ಕೂಡುರಸ್ತೆಯಲ್ಲಿ ಚಹಾ ಕುಡಿಯುತ್ತಾ ವಿಚಾರಿಸಿದೆವು. ಈ ಕಡೆಯ ಮಾತು ಮರಾಠಿ, ಕೊಂಕಣಿ, ಕನ್ನಡ ಮೂರೂ ಕಲೆತದ್ದು. ನಮ್ಮ ಬಾಗಲಕೋಟೆ ಕನ್ನಡ ಕೇಳಿ ಚಹಾದಂಗಡಿಯವರು ಮೂರು ಕಡೆ ಹೆಸರು ಹೇಳಿದರು. ಈ ಸಲ ಮುಂದಿನ ಸೀಟಿನಲ್ಲಿ ಅವ್ವ ಕುಳಿತಳು.

ಮೊದಲನೆಯದು ಕಂಟೇನರ್ ಕೋಣೆ. ಸಮತಟ್ಟು ನೆಲ, ಒಳಗೇ ಸ್ವಚ್ಛ ಬಚ್ಚಲು, ಮೂರೇ ಮೆಟ್ಟಿಲು. ನನಗೆ ಒಪ್ಪಿಗೆಯಿತ್ತು. ಹತ್ತು ಗಂಟೆಯ ಬಿಸಿಲಿಗೇ ಒಳಗೆ ಕಾವು ಏರಿತ್ತು. ಉಕ್ಕಿನ ಪೆಟ್ಟಿಗೆ ಬಿಸಿಲಿಗೆ ಬೇಗ ಕಾಯುತ್ತದೆ, ಚಳಿಗೆ ಬೇಗ ತಣ್ಣಗಾಗುತ್ತದೆ, ಎಸಿ ಇಲ್ಲದೆ ನಡೆಯುವುದಿಲ್ಲ. ಕರೆಂಟು ಹೋದರೆ ಇನ್ವರ್ಟರಿನಲ್ಲಿ ದೀಪ, ಫ್ಯಾನು ಮಾತ್ರ ಎಂದರು. ಎರಡನೆಯದು ಟೆಂಟುಗಳು. ಅವ್ವ ಕಾರಿನಿಂದ ಇಳಿಯಲೇ ಇಲ್ಲ.

ಮೂರನೆಯದು ಊರಿನ ಅಂಚಿಗೆ, ಒಂದು ರೈತ ಕುಟುಂಬದ್ದು. ತಮ್ಮ ಮನೆಯ ಪಕ್ಕದಲ್ಲೇ ಮೂರು ಕೋಣೆ ಕಟ್ಟಿಸಿದ್ದರು. ಜಂಬಿಟ್ಟಿಗೆಯ ಎರಡಡಿ ಎತ್ತರದ ಕಟ್ಟೆ, ಅದರ ಮೇಲೆ ಮರದ ಕಂಬ, ಹಲಗೆಯ ಗೋಡೆ, ಹಂಚಿನ ಮಾಡು. ಎದುರಿಗೆ ತೆನೆ ಬಿಟ್ಟ ಭತ್ತದ ಗದ್ದೆ, ಗದ್ದೆಯಾಚೆ ಕಾಡು. ಚಿತ್ರ ತೆಗೆದರೆ ವಿಶೇಷವೇನೂ ಕಾಣದ ಮನೆ. ಮಗ ಮುಖ ಸಣ್ಣದು ಮಾಡಿದ.

ಅವ್ವ ಒಳಗೆ ಹೋಗಲಿಲ್ಲ. ಮೊದಲು ಸೂರಿನ ಕೆಳಗೆ ನಿಂತಳು. ಅಲ್ಲಿ ಏನು ನೋಡುತ್ತಿದ್ದಾಳೆ ಎಂದು ನಾನೂ ಬಗ್ಗಿದೆ. ಮಾಡು ಗೋಡೆಯಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಮುಂದಕ್ಕೆ ಚಾಚಿತ್ತು. ಹಂಚಿನ ಅಂಚಿನಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ, ನೆಲದ ಮೇಲೆ, ಒಂದೇ ಅಂತರಕ್ಕೆ ಸಣ್ಣ ಸಣ್ಣ ಕುಳಿಗಳ ಸಾಲು. ಒಂದೊಂದು ಹಂಚಿನ ಬಾಯಿಗೆ ಒಂದೊಂದು ಕುಳಿ. ಕುಳಿಗಳಲ್ಲಿ ಹೊಳೆಯ ಗುಂಡುಕಲ್ಲು ತುಂಬಿದ್ದರು, ನೀರು ಬಿದ್ದು ಕೆಸರು ಸಿಡಿಯದಂತೆ. ಆ ಸಾಲಿನ ಗುಂಟ ಗೇಣಗಲದ ಕಾಲುವೆ, ಅದು ಮನೆಯ ಹಿಂದಿನ ಅಡಿಕೆ ಗಿಡಗಳ ಬುಡಕ್ಕೆ ಹೋಗುತ್ತಿತ್ತು. ಹಿಂದಿನ ಸಂಜೆ ಅಂಥ ಮಳೆ ಬಿದ್ದಿತ್ತು. ಆದರೂ ಕಟ್ಟೆಯ ಮೇಲೆ, ಗೋಡೆಯ ಬುಡದಲ್ಲಿ ಒಂದು ಕೆಂಪು ಕಲೆ ಇರಲಿಲ್ಲ.

ಆಮೇಲೆ ಗೋಡೆಯ ತಳದ ಹಲಗೆಗೆ ಅಂಗೈ ಒತ್ತಿ ಹಿಡಿದಳು. ಒಣಗಿತ್ತು. ಕಂಬಕ್ಕೆ ಬೆರಳಿನ ಗಿಣ್ಣಿನಿಂದ ಎರಡು ಸಲ ಬಡಿದಳು.

"ಮತ್ತಿ ಮರದ್ದೇನು?"

"ಹೌದ್ರಿ ಅಜ್ಜಿ, ಮತ್ತಿ. ಹಳೇ ಮನಿ ಬಿಚ್ಚಿದಾಗ ಬಂದ ಕಂಬ. ಗ್ವಾಡಿ ಹಲಗಿ ಹಲಸಿಂದು," ಅಂದರು ಮನೆಯ ಯಜಮಾನಿ.

"ಬಿಚ್ಚಿದ ಮನಿದು," ಎಂದಳು ಅವ್ವ. ಕಂಬದಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಲಗೆಗಳು ಕಪ್ಪಗೆ ಹೊಳೆಯುತ್ತಿದ್ದವು. ಏನು ಬಳಿದಿದ್ದೀರಿ ಎಂದು ನಾನು ಕೇಳಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ. ಗೆದ್ದಲು ಹತ್ತುವುದಿಲ್ಲ, ನೀರು ಹಿಡಿಯುವುದಿಲ್ಲ. ದೋಣಿಗೆ ಬಳಿಯುವವರೂ ಇದ್ದಾರೆ. ಹಸಿ ಇರುವಾಗ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಅದಕ್ಕೆ ಬಳಿದು ಪೂರ್ತಿ ಒಣಗುವವರೆಗೆ ಕೋಣೆ ಬಾಡಿಗೆಗೆ ಕೊಡುವುದಿಲ್ಲ ಎಂದರು. ಮೊದಲಿನ ಜಾಗದ ಗೋಡೆ ತಿಳಿಬಣ್ಣದ ಪೈನ್ ಹಲಗೆ. ಪೈನ್ ಮೆದು ಮರ, ನೋಡಲು ಚೆಂದ, ಕೆಲಸಕ್ಕೆ ಹಗುರ. ಬಿಡದೆ ಎಣ್ಣೆಯೋ ವಾರ್ನಿಷೋ ಕೊಡುತ್ತಿದ್ದರೆ ಬಾಳುತ್ತದೆ, ಒಂದು ಮಳೆಗಾಲ ಮರೆತರೆ ನೀರು ಕುಡಿದು ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ರಾತ್ರಿಯೆಲ್ಲ ನಮ್ಮ ಮೂಗಿಗೆ ಹತ್ತಿದ್ದು ಅದೇ ಮುಗ್ಗು ವಾಸನೆ.

ಹಂಚು ಖಾನಾಪುರದ್ದೇ. ಖಾನಾಪುರದ ಮಣ್ಣು ಹಂಚಿಗೆ, ಮಡಿಕೆಗೆ ಹೆಸರಾದದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಹಂಚಿನ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಮಳೆ ಬಿದ್ದರೆ ತಗಡಿನಂತೆ ಬಡಿಯುವುದಿಲ್ಲ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಮಾಡಿಗೂ ಗೋಡೆಗೂ ನಡುವಿನ ಬಿಡುವಿಗೆ ಸಣ್ಣ ಜಾಳಿಗೆ ಹೊಡೆದಿದ್ದರು, ಹುಳ ಬರಬಾರದು ಆದರೆ ಗಾಳಿ ಆಡಬೇಕು ಎಂದು.

ಅವ್ವ ಕೊನೆಗೆ ಒಳಗೆ ಹೋದಳು. ರಜಾಯಿ ಎತ್ತಿ ಮೂಸಿದಳು. ಬಚ್ಚಲಿನ ಬಾಗಿಲು ಹಾಸಿಗೆಯಿಂದ ಎಷ್ಟು ಹೆಜ್ಜೆ ಎಂದು ನಡೆದು ನೋಡಿದಳು. ಐದು. ಬಚ್ಚಲಿನ ನೆಲ ಒರಟು ಕಡಪಾ ಕಲ್ಲು, ಜಾರುವುದಿಲ್ಲ. ಹೊರಗೆ ಬಂದು ಯಜಮಾನಿಯನ್ನು ಒಂದೇ ಮಾತು ಕೇಳಿದಳು:

"ಆಷಾಢದಾಗ ನೀವು ಇಲ್ಲೇ ಇರ್ತೀರೇನು?"

"ಇಲ್ಲದ ಎಲ್ಲಿಗೆ ಹೋಗೂದ್ರಿ? ಇದೇ ಮನಿ."

"ಇಲ್ಲೇ ಇರೂಣು," ಎಂದು ನನ್ನ ಕಡೆ ತಿರುಗಿದಳು.

ರಾತ್ರಿಗೆ 2,800 ರೂಪಾಯಿ, ಎರಡು ಹೊತ್ತಿನ ಊಟ ಸೇರಿ. ಗುರುತಿನ ಚೀಟಿ ತೋರಿಸಿದೆವು, ಪುಸ್ತಕದಲ್ಲಿ ಹೆಸರು ಬರೆಸಿಕೊಂಡರು. ಹೋಮ್‌ಸ್ಟೇ ಪರವಾನಗಿಯ ಕಾಗದ ಗೋಡೆಗೆ ತೂಗಿತ್ತು, ಅದನ್ನು ಕೇಳಬೇಕೆಂದೂ ನನಗೆ ಮೊದಲ ಸಲ ಹೊಳೆದಿರಲಿಲ್ಲ.

ಸಂಜೆ ಮತ್ತೆ ಮಳೆ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತೆವು. ಹಂಚಿನ ತುದಿಯಿಂದ ನೀರು ನೂಲಿನ ಹಾಗೆ ಇಳಿದು, ಕಲ್ಲು ತುಂಬಿದ ಕುಳಿಗಳಿಗೇ ಸರಿಯಾಗಿ ಬೀಳುತ್ತಿತ್ತು. ಮಗಳು ಒಂದೊಂದು ಕುಳಿಗೆ ಒಂದೊಂದು ಸ್ವರ ಎಂದು ಹೆಸರಿಟ್ಟಳು. ಕೆಂಪಕ್ಕಿ ಅನ್ನ, ಹುರುಳಿ ಸಾರು, ಸೌತೆಕಾಯಿ ಪಲ್ಯ. ಅವ್ವ ನಮ್ಮ ಕಟಕ ರೊಟ್ಟಿಯ ಗಂಟು ಬಿಚ್ಚಿ ಆ ಮನೆಯವರಿಗೂ ಕೊಟ್ಟಳು. ಒಂಬತ್ತಕ್ಕೆ ಮಲಗಿದವಳು ಬೆಳಿಗ್ಗೆ ಆರಕ್ಕೆ ಎದ್ದಳು.

ಮೂರನೇ ದಿನ

ಬೆಳಿಗ್ಗೆ ಗದ್ದೆಯ ಮೇಲೆ ಮಂಜು. ಗಾಜಿನ ಗೋಡೆ ಇಲ್ಲದಿದ್ದರೂ ಮಂಜು ಕಂಡಿತು, ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತರೆ ಮುಖಕ್ಕೇ ಬಂದು ತಾಕಿತು.

ಹಬ್ಬನಹಟ್ಟಿಯ ಮಾರುತಿಗೆ ಕೈಮುಗಿದು ಕಣಕುಂಬಿಗೆ ಹೋದೆವು. ಹಬ್ಬನಹಟ್ಟಿಯ ದೇವರು ಇರುವುದು ಹೊಳೆಯ ಪಾತ್ರದಲ್ಲೇ, ಜೋರು ಮಳೆಗಾಲದಲ್ಲಿ ಗುಡಿ ಮುಳುಗುತ್ತದೆ. ಈಗ ನೀರು ಇಳಿದಿತ್ತು. ಅಲ್ಲಿಯೂ ಮೆಟ್ಟಿಲಿದ್ದುದರಿಂದ ಅವ್ವ ಮೇಲಿಂದಲೇ ನಮಸ್ಕಾರ ಮಾಡಿದಳು.

ಖಾನಾಪುರ ತಾಲೂಕಿನ ಈ ಗುಡ್ಡಗಳು ನೀರನ್ನು ಎರಡು ಕಡೆಗೆ ಹಂಚುತ್ತವೆ. ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿ ಎನ್ನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತಾಳೆ. ಮಲಪ್ರಭೆ ಪೂರ್ವಕ್ಕೆ ಹೊರಳಿ ಸುಮಾರು 300 ಕಿಲೋಮೀಟರ್ ನಡೆದು, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಎರಡು ಹೊಳೆಯ ಹುಟ್ಟು ಇಷ್ಟು ಹತ್ತಿರ ಇರುವುದರಿಂದಲೇ ಮಹದಾಯಿ ಕಡೆಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಮಾತು ಹುಟ್ಟಿದ್ದು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಈ ತಿರುವಿಗೆ 3.9 ಟಿಎಂಸಿ ನೀರು ಒಪ್ಪಿತು. ಮಲಪ್ರಭೆಯ ದಂಡೆಯವರಾದ ನಮಗೆ ಆ ನೀರು ಬೇಕು. ಕಾಡಿನ ಹಸಿರಿನಲ್ಲಿ ಎರಡು ದಿನ ಇದ್ದ ಮೇಲೆ ಈ ಕಡೆಯವರು ಯಾಕೆ ಹೆದರುತ್ತಾರೆ ಎಂಬುದೂ ನನಗೆ ತಿಳಿಯಿತು. ಎರಡನ್ನೂ ಒಟ್ಟಿಗೇ ಹೊತ್ತು ತಿರುಗುತ್ತಿದ್ದೇನೆ.

ಕಣಕುಂಬಿಯ ಗುಡಿಯ ಹತ್ತಿರ ಕುಂಡದ ನೀರು ತಿಳಿಯಾಗಿತ್ತು, ಅಲುಗಾಡದೆ ನಿಂತಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತು ಕೈ ಚಾಚಿ ನೀರು ಮುಟ್ಟಿದಳು.

"ಇಷ್ಟ ಏನು?"

2019ರ ಆಗಸ್ಟಿನಲ್ಲಿ ಇದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತ್ತು. ಅವ್ವನ ತವರುಮನೆಯಲ್ಲಿ ಎದೆಮಟ್ಟ ನೀರು, ನನ್ನ ಸೋದರಮಾವನವರು ಎಂಟು ದಿನ ಶಾಲೆಯ ಕಟ್ಟಡದಲ್ಲಿ ಇದ್ದರು. ಅದನ್ನು ನೋಡಿದವಳಿಗೆ ಈ ಬೊಗಸೆ ನೀರು ನಂಬಲಾಗಲಿಲ್ಲ. ಎರಡು ಸಲ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಬಾಟಲಿಯಲ್ಲಿ ಸ್ವಲ್ಪ ತುಂಬಿಸಿಕೊಂಡಳು. ನಾವು ಅವಸರ ಮಾಡಲಿಲ್ಲ.

ಮಗನಿಗೆ ವಜ್ರಪೋಹ ಜಲಪಾತ ನೋಡುವ ಆಸೆ. ಗವ್ವಾಳಿ, ಚಾಪೋಲಿ ಊರುಗಳ ನಡುವೆ ಮಹದಾಯಿ ಧುಮುಕುವ ಜಾಗ ಅದು, ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಹೋಗುವಂತಿಲ್ಲ. ನಾವು ಅದನ್ನು ಮೊದಲೇ ಪಡೆದಿರಲಿಲ್ಲ, ಬಿಟ್ಟೆವು. ಭೀಮಗಡದ ಕಾಡು 2011ರಲ್ಲಿ ವನ್ಯಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಅಲ್ಲಿನ ಬಾರಾಪೇಡೆ ಗವಿಗಳಲ್ಲಿ ಜಗತ್ತಿನಲ್ಲೇ ಅಪರೂಪದ ರಾಟನ್ ಬಾವಲಿ ಮರಿ ಮಾಡುತ್ತದೆ, ಆ ಗವಿಗಳಿಗೆ ಜನರನ್ನು ಬಿಡುವುದಿಲ್ಲ. ಬಿಡದಿರುವುದೇ ಸರಿ ಎಂದು ನನಗನ್ನಿಸಿತು. ಮಗನಿಗೂ ಹಾಗೇ ಹೇಳಿದೆ. ಅವನು ಒಪ್ಪಲು ಸಂಜೆಯವರೆಗೆ ಸಮಯ ತೆಗೆದುಕೊಂಡ.

ರಾತ್ರಿ ಯಜಮಾನಿಯೂ ಅವ್ವನೂ ಕಟ್ಟೆಯ ಮೇಲೆ ಕುಳಿತು ತುಂಬಾ ಹೊತ್ತು ಮಾತಾಡಿದರು. ಹಳೇ ಬಾಗಲಕೋಟೆಯ ಮನೆಯ ತೊಲೆಗಳು ಈ ಕಡೆಯ ಕಾಡಿನಿಂದ ಬಂದವು ಎಂದು ನಮ್ಮಜ್ಜ ಹೇಳುತ್ತಿದ್ದರಂತೆ. ನನಗೆ ಅದು ಹೊಸ ಸುದ್ದಿ. ಮಗಳು ಕೇಳುತ್ತಾ ಅವ್ವನ ತೊಡೆಯ ಮೇಲೇ ನಿದ್ದೆ ಹೋದಳು.

ನಾಲ್ಕನೇ ದಿನ

ಬೆಳಿಗ್ಗೆ ಎಂಟಕ್ಕೆ ಬಿಟ್ಟೆವು. ಯಜಮಾನಿ ಅವ್ವನಿಗೆ ಉಡಿ ತುಂಬಿದರು, ಅಕ್ಕಿ, ತೆಂಗಿನಕಾಯಿ, ಒಂದು ಹಿಡಿ ಗೇರುಬೀಜ. ಖಾನಾಪುರದಲ್ಲಿ ಸೇತುವೆಯ ಮೇಲೆ ಕಾರು ನಿಧಾನ ಮಾಡಿಸಿ ಅವ್ವ ಕೆಳಗೆ ನೋಡಿದಳು. ನಿನ್ನೆ ಬೊಗಸೆಯಲ್ಲಿ ಹಿಡಿದ ನೀರು ಇಲ್ಲಿಗಾಗಲೇ ಹೊಳೆಯಾಗಿತ್ತು.

ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಹೂ ಏರಿಸಿದೆವು. 1831ರ ಜನವರಿ 26ರಂದು ಆತನನ್ನು ಗಲ್ಲಿಗೇರಿಸಿದ್ದು ಇಲ್ಲಿಯೇ. ಹಲಸಿಯ ಭೂವರಾಹ ನರಸಿಂಹ ಗುಡಿಗೂ ಹೋದೆವು, ಕದಂಬರ ಕಾಲದಲ್ಲಿ ಪಲಾಶಿಕಾ ಎನ್ನಿಸಿಕೊಂಡದ್ದು ಅದೇ ಊರು. ಗುಡಿಯ ಬಗ್ಗೆ ಬರೆಯಲು ಇನ್ನೊಂದು ಸಲ ನಿಧಾನವಾಗಿ ಹೋಗಬೇಕು. ಬೀಡಿ, ಕಿತ್ತೂರು, ಬೈಲಹೊಂಗಲ, ಯರಗಟ್ಟಿ. ಮಣ್ಣು ಮತ್ತೆ ಕರಿಯಾಯಿತು. ಮನೆ ಮುಟ್ಟಿದಾಗ ಕತ್ತಲಾಗಿತ್ತು. ಅವ್ವ ಬಾಟಲಿಯ ನೀರನ್ನು ದೇವರ ಮುಂದೆ ಇಟ್ಟು, ಉಳಿದ ಎರಡು ಹನಿಯನ್ನು ಆ ಹಳೇ ಹೊಸ್ತಿಲಿಗೆ ಹಾಕಿದಳು.

ಮರುದಿನ ವಿಜಯಪುರದಿಂದ ತಂಗಿಯ ಫೋನು. ಡಿಸೆಂಬರಿನಲ್ಲಿ ಅವರು ಅತ್ತೆಯನ್ನು ಕರೆದುಕೊಂಡು ಅಂಬೋಲಿಗೆ ಹೋಗುತ್ತಾರಂತೆ, ಒಂದು ಕ್ಯಾಬಿನ್ ನೋಡಿದ್ದಾಳಂತೆ, ಚಿತ್ರ ಕಳಿಸಿದ್ದಾಳಂತೆ. ನಾನು ಚಿತ್ರ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಫೋಟೋ ಇರಲಿ, ಅವರ ನಂಬರ ಕೊಡು, ನಾನ ಮಾತಾಡ್ತೀನಿ. ಮೆಟ್ಟಲಾ ಎಷ್ಟ ಅದಾವು ಕೇಳಬೇಕು. ಪಾಯಖಾನಿ ಒಳಗೈತೋ ಹೊರಗೋ. ಮತ್ತ ಮಳಿ ಬಂದ್ರ ಗುಡ್ಡದ ನೀರು ಎತ್ತ ಹೋಗತೈತಿ ಅಂತ."

"ಅವ್ವಾ, ಡಿಸೆಂಬರದಾಗ ಎಲ್ಲಿ ಮಳಿ?" ಎಂದಳು ತಂಗಿ.

"ಹೋದ ಆಷಾಢದಾಗ ಎತ್ತ ಹೋಗಿತ್ತು ಅಂತ ಕೇಳತೀನಿ. ನಂಬರ ಹೇಳು, ಬರಕೋತೀನಿ."